ಎರೆಹುಳದ ಮೇಡಂ ಹೋಗದೆ ಹೋಗಿಬಂದದ್ದು

ಮಣ್ಣುಜೀವಿ ಸಂಶೋಧನಾ ಸಂಸ್ಥೆಯ ಪ್ರಯಾಣ ವಿಭಾಗವು ಸ್ಥಾಪನೆಯಾದ ದಿನದಿಂದ ಇಂದಿನವರೆಗೆ ಒಂದೇ ಒಂದು ಪ್ರಯಾಣದ ಅರ್ಜಿಯನ್ನೂ ತಿರಸ್ಕರಿಸಿಲ್ಲ. ಹಾಗೆಯೇ, ಅಂದಿನಿಂದ ಇಂದಿನವರೆಗೆ ಆ ಸಂಸ್ಥೆಯಿಂದ ಯಾರೊಬ್ಬರೂ ಎಲ್ಲಿಗೂ ಹೋಗಿಲ್ಲ. ಎರಡೂ ನಿಜ. ಎರಡನ್ನೂ ಹಿತ್ತಾಳೆಯ ಫಲಕದಲ್ಲಿ ಕೆತ್ತಿಸಿ ಮುಂಬಾಗಿಲ ಪಕ್ಕದಲ್ಲಿ ತೂಗುಹಾಕಿದ್ದಾರೆ, ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ.

ಇದು ಹೇಗೆ ಸಾಧ್ಯ ಎಂದು ಕೇಳುವವರು ನಿಯಮಾವಳಿಯನ್ನು ಓದಿಲ್ಲ ಎಂದೇ ಅರ್ಥ. ಅದರ ಏಳನೆಯ ಕಲಂ ಹೀಗಿದೆ: ‘ಯಾವ ಊರಿಗೆ ಪ್ರಯಾಣವನ್ನು ಕೋರಲಾಗಿದೆಯೋ ಆ ಊರಿನಲ್ಲಿ, ಉದ್ದೇಶಿತ ಕೆಲಸವನ್ನು ಮಾಡಬಲ್ಲ ವ್ಯಕ್ತಿಯು ಈಗಾಗಲೇ ಇದ್ದಲ್ಲಿ, ಸದರಿ ವ್ಯಕ್ತಿಯನ್ನು ಸ್ಥಳೀಯ ಬದಲಿಯೆಂದು ಪರಿಗಣಿಸಿ, ಪ್ರಯಾಣವು ಯಶಸ್ವಿಯಾಗಿ ಜರುಗಿತೆಂದೇ ಭಾವಿಸತಕ್ಕದ್ದು.’ ಎಂಟನೆಯ ಕಲಂ ಇನ್ನೂ ಚಿಕ್ಕದು: ಹೀಗೆ ಉಳಿದ ಪ್ರಯಾಣ ವೆಚ್ಚದಲ್ಲಿ ಒಂದು ಪಾಲು ಪ್ರಯಾಣ ವಿಭಾಗದ ಸಿಬ್ಬಂದಿಗೆ ಪ್ರೋತ್ಸಾಹಧನವಾಗಿ ಸಲ್ಲತಕ್ಕದ್ದು. ಆದ್ದರಿಂದ ಯಾರಾದರೂ ಅರ್ಜಿ ಹಿಡಿದು ಬಂದರೆ ಆ ವಿಭಾಗದವರಿಗೆ ಹಬ್ಬ. ದೂರದ ಊರಾದಷ್ಟೂ ಒಳ್ಳೆಯದು. ಹತ್ತಿರದ ಊರಿಗೆ ಹೋಗುತ್ತೇನೆಂದು ಬಂದವರನ್ನು ಕೂರಿಸಿ, ನೀರು ಕೊಟ್ಟು, ‘ಇಷ್ಟು ಓದಿದೋರು ಅಷ್ಟೇ ದೂರ ಹೋದರೆ ನಿಮ್ಮ ಘನತೆಗೆ ಸರೀನಾ ಸಾರ್? ಸಮುದ್ರದಾಚೆಗೆ ಏನೂ ಕೆಲಸ ಇಲ್ವಾ?’ ಎಂದು ಹುರಿದುಂಬಿಸುತ್ತಿದ್ದರು.

ಸಾಧನೆಗಳಿಗೇನೂ ಕೊರತೆಯಿರಲಿಲ್ಲ. ಅಣಬೆ ತಜ್ಞರು ಒಂದು ಎತ್ತರದ ಬೆಟ್ಟದ ನೆತ್ತಿಯಲ್ಲಿ ಮಾತ್ರ ಬೆಳೆಯುವ ನೀಲಿ ಅಣಬೆಯನ್ನು ನೋಡಲು ಹೋಗಬೇಕೆಂದಾಗ, ಅಲ್ಲಿಯೇ ಕುರಿ ಮೇಯಿಸುವವನೊಬ್ಬ ಅವರ ಪರವಾಗಿ ಅಣಬೆ ನೋಡಿದ. ‘ಚೆನ್ನಾಗಿತ್ತು’ ಎಂದು ವರದಿ ಕೊಟ್ಟ. ಅದರ ಆಧಾರದ ಮೇಲೆ ಅಣಬೆ ತಜ್ಞರು ಬರೆದ ಪ್ರಬಂಧಕ್ಕೆ ಪದಕ ಬಂತು. ಪದಕವನ್ನು ಸ್ವೀಕರಿಸಿದ್ದು ಪದಕ ಕೊಡುವ ಊರಿನ ಒಬ್ಬ ಟೈಲರ್. ಲೆಕ್ಕಾಧಿಕಾರಿಗಳ ಭಾವಮೈದುನ ದೂರದ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಪಕ್ಕದ ಹಾಸಿಗೆಯ ರೋಗಿಯೇ ಮೂಸಂಬಿ ಕೊಟ್ಟು, ತಲೆ ನೇವರಿಸಿ, ‘ಭಾವ ಬಂದಿದೀನಿ, ಧೈರ್ಯವಾಗಿರು’ ಎಂದು ಹೇಳಿದನಂತೆ. ಭಾವಮೈದುನ ಬೇಗ ಗುಣವಾದ. ಪಕ್ಕದ ಹಾಸಿಗೆಯವನ ವಿಚಾರ ಕಡತದಲ್ಲಿಲ್ಲ.

ಇಂಥ ಸಂಸ್ಥೆಯ ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಮಣ್ಣು ತುಂಬಿದ ಟ್ರೇಗಳ ನಡುವೆ ಎರೆಹುಳದ ಮೇಡಂ ಕೆಲಸ ಮಾಡುತ್ತಿದ್ದರು. ಎರೆಹುಳಕ್ಕೆ ಕಿವಿಯಿಲ್ಲದಿದ್ದರೂ ತನಗೆ ಅನ್ನ ಹಾಕುವವರ ಹೆಜ್ಜೆಯನ್ನು ಅದು ಗುರುತು ಹಿಡಿಯುತ್ತದೆ ಎನ್ನುವುದು ಅವರ ಸಿದ್ಧಾಂತ. ತಾವು ನಡೆದು ಬಂದರೆ ಹುಳಗಳು ಮೇಲೆ ಬರುತ್ತವೆ, ನಿರ್ದೇಶಕರು ನಡೆದು ಬಂದರೆ ತಳಕ್ಕಿಳಿಯುತ್ತವೆ ಎಂದು ಅವರು ಮತ್ತೆ ಮತ್ತೆ ತೋರಿಸಿದ್ದರು. ನಿರ್ದೇಶಕರಿಗೆ ಈ ಸಂಶೋಧನೆ ಅಷ್ಟಾಗಿ ಹಿಡಿಸಿರಲಿಲ್ಲ.

ಇಡೀ ಜಗತ್ತಿನಲ್ಲಿ ಇದನ್ನು ಓದುತ್ತಿದ್ದವರು ಒಬ್ಬರೇ. ದೂರದ ಇನ್ನೊಂದು ದೇಶದ ಇನ್ನೊಂದು ಸಂಸ್ಥೆಯಲ್ಲಿದ್ದ ಆ ವಿಜ್ಞಾನಿಯನ್ನು ಮೇಡಂ ‘ಆ ಮಹಾಶಯ’ ಎಂದೇ ಕರೆಯುತ್ತಿದ್ದರು. ಮೇಡಂ ಏನೇ ಪ್ರಕಟಿಸಲಿ, ಮುಂದಿನ ಸಂಚಿಕೆಯಲ್ಲಿ ಮಹಾಶಯರ ಖಂಡನೆ ಸಿದ್ಧ: ಹುಳಕ್ಕೆ ಹೆಜ್ಜೆಯೂ ಗೊತ್ತಿಲ್ಲ, ಗುರುತೂ ಇಲ್ಲ, ನೆಲ ನಡುಗಿತು, ಹುಳ ಹೆದರಿತು, ಅಷ್ಟೇ. ಅದಕ್ಕೆ ಮೇಡಂ ಅವರ ಪ್ರತಿಖಂಡನೆ. ಹೀಗೆ ಹತ್ತು ವರ್ಷಗಳಿಂದ ಇಬ್ಬರೂ ಒಬ್ಬರನ್ನೊಬ್ಬರು ಅಚ್ಚುಕಟ್ಟಾಗಿ, ಅಡಿಟಿಪ್ಪಣಿಗಳ ಸಮೇತ, ಬೈದುಕೊಂಡು ಬಂದಿದ್ದರು. ಮುಖ ನೋಡಿರಲಿಲ್ಲ.

‘ಬೆಳಗ್ಗೆ ಎದ್ರೆ ಅವನ ಮಾತು, ಊಟಕ್ಕೆ ಕೂತ್ರೆ ಅವನ ಮಾತು,’ ಎಂದು ಜೊತೆಗಿದ್ದ ಅಕ್ಕ ಛೇಡಿಸುತ್ತಿದ್ದಳು. ‘ಇದಕ್ಕೆ ದ್ವೇಷ ಅಂತಾರೇನೇ? ನಮ್ಮ ಕಾಲದಲ್ಲಿ ಬೇರೆ ಏನೋ ಅಂತಿದ್ರು.’

‘ಸುಮ್ನಿರೇ ಅಕ್ಕ! ಒಂದು ಸಲ ಅವನ ಎದುರಿಗೆ ನಿಂತು ನೀವು ಹೇಳೋದು ತಪ್ಪು ಅಂತ ಹೇಳ್ಬೇಕು. ಆಗ ಅವನ ಮುಖ ಹೇಗಾಗುತ್ತೆ ಅಂತ ನೋಡ್ಬೇಕು. ಅಷ್ಟೇ ನನಗೆ ಬೇಕಿರೋದು.’

ಮಹಾಶಯರ ಊರಿನಲ್ಲೇ ಎರೆಹುಳಗಳ ಮಹಾಸಮ್ಮೇಳನ ನಡೆಯುತ್ತದೆ, ತಾವು ಬಂದು ಪ್ರಬಂಧ ಮಂಡಿಸಬೇಕು ಎಂಬ ಆಹ್ವಾನ ಬಂದ ದಿನ ಮೇಡಂ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆಯೇ ಹೋಗಿ ಕೆಂಪು ಸೂಟ್‌ಕೇಸು ಕೊಂಡರು. ಏಳನೆಯ ಕಲಂ ಅವರಿಗೂ ಗೊತ್ತಿತ್ತು. ಆದರೆ ಅಣಬೆಯನ್ನು ಯಾರು ಬೇಕಾದರೂ ನೋಡಬಹುದು, ಎರೆಹುಳದ ಹೆಜ್ಜೆಜ್ಞಾನದ ಬಗ್ಗೆ ಮಾತಾಡಬಲ್ಲವರು ತಮ್ಮನ್ನು ಬಿಟ್ಟರೆ ಭೂಮಿಯ ಮೇಲೆ ಇಲ್ಲ ಎಂಬ ಧೈರ್ಯವಿತ್ತು. ಅದೇ ಧೈರ್ಯದಲ್ಲಿ ಮೂರನೆಯ ಮಹಡಿ ಹತ್ತಿದರು. ಮೂರನೆಯ ಮಹಡಿ ಪೂರ್ತಿ ಪ್ರಯಾಣ ವಿಭಾಗದ್ದೇ. ನೆಲಕ್ಕೆ ಮೆತ್ತನೆಯ ಹಾಸು, ಗೋಡೆ ತುಂಬ ಪ್ರಪಂಚದ ನಕ್ಷೆ, ಕೂತರೆ ಏಳಲು ಮನಸ್ಸಾಗದ ಕುರ್ಚಿಗಳು.

ಪ್ರಯಾಣಾಧಿಕಾರಿಗಳು ಬಹಳ ಮೃದು ಮನುಷ್ಯ. ಅರ್ಜಿ ನೋಡಿದ್ದೇ ತಡ, ಎದ್ದು ಹೋಗಿ ನಕ್ಷೆಯ ಮೇಲೆ ದಾರ ಹಿಡಿದು ಅಳೆದರು. ದಾರ ಸಾಲದೆ ಇನ್ನೊಂದು ತುಂಡು ಗಂಟು ಹಾಕಬೇಕಾಯಿತು. ಅವರ ಕಣ್ಣಲ್ಲಿ ನೀರು ಬಂತು.

‘ಮೇಡಂ, ಇಷ್ಟು ದೂರದ ಅರ್ಜಿ ನನ್ನ ಸರ್ವಿಸ್‌ನಲ್ಲೇ ಬಂದಿಲ್ಲ. ತುಂಬಾ ಉಪಕಾರ ಆಯ್ತು. ಮಗಳಿಗೆ ಪಿಯಾನೋ ಕೊಡಿಸ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೆ.’

‘ಅಂದ್ರೆ ಅನುಮತಿ ಸಿಕ್ಕಿತಾ?’

‘ಅನುಮತಿ ಇಲ್ಲ ಅಂತ ನಾವು ಯಾರಿಗೆ ಹೇಳಿದೀವಿ ಮೇಡಂ? ಸಿಕ್ಕಾಯ್ತು. ನಿಮ್ಮ ಸ್ಥಳೀಯ ಬದಲಿಯೂ ಅಲ್ಲೇ ಇದಾರೆ.’

‘ನನ್ನ ಬದಲಿಯಾ? ನನ್ನ ವಿಷಯ ಗೊತ್ತಿರೋರು ಅಲ್ಲಿ ಯಾರಿದಾರೆ ಸಾರ್?’

ಅಧಿಕಾರಿಗಳು ಮಹಾಶಯರ ಹೆಸರನ್ನೇ ಹೇಳಿದರು.

ಮೇಡಂ ಅವರಿಗೆ ಪಿತ್ತ ನೆತ್ತಿಗೇರಿತು. ಮೆತ್ತನೆಯ ಕುರ್ಚಿಯಿಂದ ಸಿಟ್ಟಿನಲ್ಲಿ ಧಡಕ್ಕನೆ ಏಳಲು ಎರಡು ಸಲ ಪ್ರಯತ್ನಿಸಿ ಮೂರನೆಯ ಸಲ ಎದ್ದರು. ‘ರೀ, ಅವರು ನನ್ನ ವಿರೋಧಿ! ನಾನು ಬರೆದ ಒಂದೊಂದು ಅಕ್ಷರವನ್ನೂ ಸುಳ್ಳು ಅಂದಿರೋರು!’

‘ಅಂದ್ರೆ ಒಂದೊಂದು ಅಕ್ಷರವನ್ನೂ ಓದಿದಾರೆ ಅಂತಾಯ್ತಲ್ಲ ಮೇಡಂ. ನಿಜ ಹೇಳಿ, ಇಷ್ಟು ತಯಾರಾಗಿರೋ ಬದಲಿ ಯಾರಿಗೆ ಸಿಗ್ತಾರೆ? ಅಣಬೆಯವರಿಗೆ ಕುರಿ ಕಾಯೋನು ಸಿಕ್ಕಿದ್ದ.’

ಮೇಡಂ ಅರ್ಜಿಯನ್ನು ಅಲ್ಲೇ ಬಿಟ್ಟು ಕೆಳಗಿಳಿದರು. ಮನೆಗೆ ಹೋಗಿ ಸೂಟ್‌ಕೇಸಿನ ಮೇಲೆ ಕೂತು ಅತ್ತರು.

ಸಮ್ಮೇಳನ ನಿಗದಿಯಾದ ದಿನವೇ ನಡೆಯಿತು. ವರದಿಯನ್ನು ಪ್ರಯಾಣಾಧಿಕಾರಿಗಳು ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಮಹಾಶಯರು ಮೇಡಂ ಅವರ ಹೆಸರಿನ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ವೇದಿಕೆ ಹತ್ತಿ ಪ್ರಬಂಧವನ್ನು ಮಂಡಿಸಿದರು. ಪ್ರಶ್ನೋತ್ತರದ ಹೊತ್ತಿಗೆ, ತಾವು ಆ ಊರಿನ ಪ್ರಮುಖ ಆಕ್ಷೇಪಣಕಾರರೂ ಆಗಿದ್ದರಿಂದ, ಬಿಲ್ಲೆ ಕಿತ್ತು ಮೇಜಿನ ಮೇಲಿಟ್ಟು ಕೆಳಗಿಳಿದು ಸಭಿಕರ ನಡುವೆ ಕೂತು, ಕೈಯೆತ್ತಿ, ‘ಇದೆಲ್ಲ ಬರೀ ಬುರುಡೆ’ ಎಂದರು. ತಕ್ಷಣ ಎದ್ದು ಓಡಿ ವೇದಿಕೆ ಹತ್ತಿ, ಬಿಲ್ಲೆ ಸಿಕ್ಕಿಸಿಕೊಂಡು, ‘ಪ್ರಶ್ನೆ ಕೇಳಿದ ಮಹನೀಯರು ಜೀವಮಾನದಲ್ಲಿ ಒಮ್ಮೆಯಾದರೂ ಮಣ್ಣಿಗೆ ಕೈ ಹಾಕಿದ್ದಾರೆಯೇ?’ ಎಂದು ಗುಡುಗಿದರು. ಮತ್ತೆ ಇಳಿದರು. ಮತ್ತೆ ಹತ್ತಿದರು. ಅಧ್ಯಕ್ಷರು ನಡುವೆ ನೀರು ಕೊಡಿಸಿದರು. ಕೊನೆಯ ಸಲ ಕೆಳಗಿಳಿದು ಕೂತವರು ಬಹಳ ಹೊತ್ತು ಯೋಚಿಸಿ, ಬೆವರು ಒರೆಸಿಕೊಂಡು, ‘ನನಗೆ ಇನ್ನೇನೂ ಕೇಳುವುದಕ್ಕಿಲ್ಲ. ಅವರು ಹೇಳಿದ್ದು ಸರಿ’ ಎಂದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎರೆಹುಳ ಹೆಜ್ಜೆ ಗುರುತಿಸುತ್ತದೆ ಎಂದು ಠರಾವಾಯಿತು.

ಕ್ಯಾಂಟೀನಿನಲ್ಲೂ ಚಪ್ಪಾಳೆ ಬಿತ್ತು. ಮೇಡಂ ಅವರ ಎದೆ ಉಬ್ಬಿ ಬಂತು. ಅದರ ಹಿಂದೆಯೇ ಸಂಕಟವೂ ಬಂತು. ಹತ್ತು ವರ್ಷ ಕಾದ ಆ ಮುಖವನ್ನು, ಸೋತ ಆ ಕ್ಷಣದಲ್ಲಿ, ಒಂದು ಹಾಲ್ ತುಂಬ ಜನ ನೋಡಿದರು. ನೋಡಬೇಕಾಗಿದ್ದವರು ಮಾತ್ರ ಇಲ್ಲಿ ಕೂತು ಬನ್ ತಿನ್ನುತ್ತಿದ್ದರು.

‘ಇನ್ನೊಂದು ಸಿಹಿಸುದ್ದಿ ಇದೆ ಮೇಡಂ,’ ಎಂದರು ಪ್ರಯಾಣಾಧಿಕಾರಿಗಳು. ‘ನಮ್ಮ ಏಳನೆಯ ಕಲಂ ನೋಡಿ ಅವರ ಸಂಸ್ಥೆಯವರು ಮರುಳಾಗಿಬಿಟ್ಟಿದಾರೆ. ಅವರೂ ಅದನ್ನೇ ಜಾರಿ ಮಾಡಿದ್ರು. ಎಂಟನೆಯದನ್ನಂತೂ ಮೊದಲೇ ಮಾಡಿದ್ರು. ಹೀಗಾಗಿ ಮುಂದಿನ ವಾರ ಮಹಾಶಯರು ಇಲ್ಲಿಗೆ ಬರಬೇಕಿದ್ದಿದ್ದು ಉಳೀತು.’

‘ಏನು? ಅವರು ಇಲ್ಲಿಗೆ ಬರೋರಿದ್ರಾ?’

‘ಹೌದಲ್ಲ. ನಿರ್ದೇಶಕರೇ ಕರೆಸಿದ್ರು, ನಿಮ್ಮ ಸಿದ್ಧಾಂತ ತಪ್ಪು ಅಂತ ಉಪನ್ಯಾಸ ಕೊಡೋಕೆ. ಬಟ್ಟೆಬರೆ ಎಲ್ಲ ಕಟ್ಕೊಂಡು ರೆಡಿಯಾಗಿದ್ರಂತೆ, ಪಾಪ. ಈಗ ತೊಂದರೆ ಇಲ್ಲ. ಅವರ ವಾದ ಪೂರ್ತಿ ಗೊತ್ತಿರೋರು ಇಲ್ಲೇ ಇದಾರೆ.’

ಕ್ಯಾಂಟೀನಿನಲ್ಲಿದ್ದವರೆಲ್ಲ ಮೇಡಂ ಕಡೆ ತಿರುಗಿ ಮುಗುಳ್ನಕ್ಕರು.

ಸಂಸ್ಥೆಯ ಸಭಾಂಗಣದಲ್ಲಿ, ಮುಂದಿನ ಸಾಲಿನಲ್ಲಿ ನಿರ್ದೇಶಕರು ಕಾಲ ಮೇಲೆ ಕಾಲು ಹಾಕಿ ಕೂತಿರಲು, ಮೇಡಂ ಮಹಾಶಯರ ಬಿಲ್ಲೆ ಸಿಕ್ಕಿಸಿಕೊಂಡು ತಮ್ಮದೇ ಹತ್ತು ವರ್ಷಗಳ ಕೆಲಸವನ್ನು ಕೊಚ್ಚಲು ನಿಂತರು. ಮೊದಲು ಹಲ್ಲು ಕಚ್ಚಿಕೊಂಡು ಮಾತಾಡಿದರು. ಐದು ನಿಮಿಷ ಕಳೆಯುವಷ್ಟರಲ್ಲಿ ಏನಾಯಿತೋ, ಹುರುಪು ಬಂದುಬಿಟ್ಟಿತು. ಮಹಾಶಯರ ವಾಕ್ಯಗಳೆಲ್ಲ ಬಾಯಿಪಾಠ; ಎಲ್ಲಿ ಏರಿಸಬೇಕು, ಎಲ್ಲಿ ಕುಟುಕಬೇಕು, ಎಲ್ಲಿ ಮರುಕ ತೋರಿಸಿ ತಲೆ ಆಡಿಸಬೇಕು ಎಲ್ಲವನ್ನೂ ಬಲ್ಲರು. ಕೊನೆಗೆ ಆಕ್ಷೇಪಿಸಲೆಂದು ಕೆಳಗಿಳಿದು ಕೂತಾಗ ಅವರಿಗೇ ಆಕ್ಷೇಪ ಹೊಳೆಯಲಿಲ್ಲ. ಹುಳಕ್ಕೆ ಏನೂ ಗೊತ್ತಿಲ್ಲ ಎಂದು ಇಲ್ಲಿಯೂ ಠರಾವಾಯಿತು. ಅಂದಿನಿಂದ ಎರೆಹುಳಗಳು ಆ ಊರಿನಲ್ಲಿ ಹೆಜ್ಜೆ ಗುರುತಿಸುತ್ತವೆ, ಈ ಊರಿನಲ್ಲಿ ಗುರುತಿಸುವುದಿಲ್ಲ. ಶಾಲೆಯ ಪುಸ್ತಕಗಳಲ್ಲೂ ಹಾಗೆಯೇ ಅಚ್ಚಾಗಿದೆ.

ಆ ಸಂಜೆ ಮನೆಗೆ ಫೋನ್ ಬಂತು. ಅಕ್ಕ ಎತ್ತಿ, ಕೇಳಿ, ಕಣ್ಣರಳಿಸಿ ತಂಗಿಯ ಕೈಗೆ ಕೊಟ್ಟಳು.

‘ನಾನು,’ ಎಂದಿತು ಆ ಕಡೆಯ ದನಿ. ‘ನಿಮ್ಮ ಮಾತು ನನ್ನ ಬಾಯಲ್ಲಿ ಬರ್ತಿದ್ದಾಗ ನನಗೆ ಏನೋ ಆಯ್ತು.’

‘ನನಗೂ ಇವತ್ತು ಆಯ್ತು.’

‘ನಾವು ಒಂದ್ಸಲ ಭೇಟಿ ಆಗ್ಲೇಬೇಕು.’

‘ಆಗ್ಲೇಬೇಕು,’ ಎಂದರು ಮೇಡಂ. ಇಬ್ಬರೂ ಯಾವುದೋ ವಿಷಯವನ್ನು ಮೊತ್ತಮೊದಲ ಬಾರಿಗೆ ಒಪ್ಪಿಕೊಂಡಿದ್ದರು. ಅದು ಹೊಳೆದು ಇಬ್ಬರೂ ಗಾಬರಿಯಾಗಿ ಫೋನ್ ಇಟ್ಟುಬಿಟ್ಟರು.

ಮರುದಿನ ಮೇಡಂ ಮೂರನೆಯ ಮಹಡಿಗೆ ಹೋಗಿ, ಕುರ್ಚಿಯಲ್ಲಿ ಕೂರದೆ ನಿಂತುಕೊಂಡೇ ಹೇಳಿದರು: ‘ರಜೆ ಹಾಕ್ತೀನಿ. ನನ್ನ ಸ್ವಂತ ದುಡ್ಡಲ್ಲಿ ಹೋಗ್ತೀನಿ. ಸಂಸ್ಥೆಗೂ ಇದಕ್ಕೂ ಸಂಬಂಧ ಇಲ್ಲ.’

‘ಖಂಡಿತ ಹೋಗಿ ಮೇಡಂ. ನಿಮ್ಮ ರಜೆ ಮಂಜೂರಾಗಿದೆ,’ ಎಂದರು ಅಧಿಕಾರಿಗಳು. ‘ಅಲ್ಲಿ ಒಬ್ರು ಅದನ್ನ ಆಗಲೇ ಅನುಭವಿಸ್ತಿದಾರೆ.’

‘ಯಾರು?’

‘ಮಹಾಶಯರ ಬೀದಿಯಲ್ಲೇ ಕೂದಲು ಕತ್ತರಿಸೋ ಅಂಗಡಿ ಇಟ್ಟಿರೋ ಹೆಂಗಸು. ತುಂಬಾ ಚುರುಕಂತೆ. ಗಿರಾಕಿಗಳ ಜೊತೆ ವಾದ ಮಾಡಿ ಮಾಡಿ ನಾಲಿಗೆ ಹರಿತವಾಗಿದೆಯಂತೆ. ನಿಮ್ಮ ಪ್ರಬಂಧಗಳನ್ನೆಲ್ಲ ಓದಿಸಿದೀವಿ. ಇವತ್ತು ಸಂಜೆ ನೀವು ಮಹಾಶಯರನ್ನ ಭೇಟಿ ಆಗ್ತಿದೀರಿ.’

‘ನಾನೆಲ್ರೀ ಭೇಟಿ ಆದೆ! ಅವಳು ಆಗ್ತಿರೋದು!’

‘ಹಾಗಂತ ನಿಮ್ಮನ್ನ ಕೈಬಿಡ್ತೀವಾ ಮೇಡಂ? ಮಹಾಶಯರೂ ನಿಮ್ಮನ್ನ ನೋಡೋಕೆ ಅಂತ ರಜೆ ಹಾಕಿದಾರೆ. ಅವರ ಬದಲಿ ಕೆಳಗೆ ಕಾಯ್ತಿದಾರೆ. ಬೇಗ ಹೋಗಿ, ಬೆಳಗ್ಗೆಯಿಂದ ಅಂಗಡಿ ಮುಚ್ಕೊಂಡು ಬಂದು ಕೂತಿದಾರೆ.’

ಅವರು ಸಂಸ್ಥೆಯ ಗೇಟಿನ ಎದುರಿನ ಸೈಕಲ್ ರಿಪೇರಿಯವರು. ಮಾತಿಗೆ ಮಾತು ಜೋಡಿಸುವುದರಲ್ಲಿ ಮಹಾಶಯರಿಗೆ ಸರಿಸಾಟಿ ಎಂದು ಆಯ್ಕೆ ಮಾಡಿದ್ದರು. ಪರೀಕ್ಷೆಯೂ ಆಗಿತ್ತು: ಪ್ರಯಾಣಾಧಿಕಾರಿಗಳು ‘ಚಕ್ರ ಗುಂಡಗಿದೆ’ ಎಂದಾಗ ಅವರು ಅರ್ಧ ಗಂಟೆ ಒಪ್ಪಿಕೊಂಡಿರಲಿಲ್ಲವಂತೆ. ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ, ಉಗುರಿನ ಸಂದಿಯ ಗ್ರೀಸನ್ನು ಮುಚ್ಚಿಕೊಳ್ಳಲು ಮುಷ್ಟಿ ಬಿಗಿಹಿಡಿದು, ಎದೆಗೆ ಮಹಾಶಯರ ಬಿಲ್ಲೆ ಸಿಕ್ಕಿಸಿಕೊಂಡು ಕೂತಿದ್ದರು. ಮೇಡಂ ಅವರನ್ನು ಕಂಡೊಡನೆ ಎದ್ದು ನಿಂತು ನಕ್ಕರು.

‘ಸರಿಯಾಯ್ತಾ ಮೇಡಂ?’

‘ಏನು?’

‘ನಗು. ನಿಮ್ಮನ್ನ ನೋಡಿದ ತಕ್ಷಣ ಏನೂ ಮಾತಾಡದೆ ಮೊದಲು ನಗಬೇಕು ಅಂತ ಹೇಳಿ ಕಳಿಸಿದಾರೆ ಅವರು. ಹೇಗೆ ನಗಬೇಕು ಅಂತ ಮಾತ್ರ ಹೇಳಿಲ್ಲ. ರಾತ್ರಿ ಕನ್ನಡಿ ಮುಂದೆ ಸ್ವಲ್ಪ ಅಭ್ಯಾಸ ಮಾಡ್ದೆ.’

ಮೇಡಂ ಬೈಯಬೇಕೆಂದೇ ಬಂದಿದ್ದರು. ಆದರೆ ‘ಸರಿಯಾಯ್ತು,’ ಎಂದು ಕೂತರು.

ಚಹಾ ಬಂತು. ಇಬ್ಬರೂ ವಾದಕ್ಕಿಳಿದರು. ಸೈಕಲ್ ರಿಪೇರಿಯವರು ಹೇಳಿಕೊಟ್ಟಿದ್ದನ್ನೆಲ್ಲ ಚಾಚೂತಪ್ಪದೆ ಹೇಳಿದರು; ಅದು ಮುಗಿದ ಮೇಲೆ ತಮ್ಮದನ್ನೂ ಸೇರಿಸಿದರು. ಸೈಕಲ್ಲಿನ ಬೆಲ್ ಕೇಳಿದರೆ ಯಾರ ಸೈಕಲ್ಲು ಅಂತ ತಮಗೆ ಗೊತ್ತಾಗುತ್ತದೆ, ಹುಳಕ್ಕೆ ಯಾಕೆ ಗೊತ್ತಾಗಬಾರದು ಎಂದರು. ಮೇಡಂ, ಈ ಊರಿನಲ್ಲಿ ಅದು ಗೊತ್ತಾಗುವುದಿಲ್ಲವೆಂದು ಠರಾವಾಗಿದೆ ಎಂದು ನೆನಪಿಸಿದರು. ಅದಕ್ಕೆ ಅವರು, ಹಾಗಾದರೆ ಠರಾವಿಗೆ ಕಿವಿಯಿಲ್ಲ ಎಂದುಬಿಟ್ಟರು. ಮೇಡಂ ಚಹಾ ನೆತ್ತಿಗೆ ಹತ್ತುವಷ್ಟು ನಕ್ಕರು. ಮಧ್ಯಾಹ್ನದ ಊಟದವರು ಬಂದು ಹೋದರು, ಸಂಜೆಯ ಚಹಾದವರು ಬಂದು ಹೋದರು, ಇವರಿಬ್ಬರ ಮೇಜು ಮಾತ್ರ ಕುಟ್ಟಿಸಿಕೊಳ್ಳುತ್ತಲೇ ಇತ್ತು.

‘ಕೊನೆಯದು ಒಂದಿದೆ,’ ಎಂದು ರಿಪೇರಿಯವರು ಗಂಟಲು ಸರಿಮಾಡಿಕೊಂಡರು. ‘ನಿಮ್ಮ ಕಣ್ಣು ನೋಡ್ಕೊಂಡು ಹೇಳ್ಬೇಕು ಅಂತ ಕಟ್ಟಪ್ಪಣೆ. ನೀವು ಹೇಳಿದ್ದೇ ಸರಿ. ಮೊದಲಿನಿಂದಲೂ ಸರಿ ಅಂತ ಅವರಿಗೆ ಗೊತ್ತಿತ್ತು. ಒಪ್ಕೊಂಡ್ರೆ ನೀವು ಮತ್ತೆ ಬರೆಯೋದು ನಿಲ್ಲಿಸ್ತೀರಿ ಅಂತ ಒಪ್ಕೊಂಡಿರ್ಲಿಲ್ಲ.’

ಹೇಳಿ ಅವರು ಕಣ್ಣು ಕೆಳಗೆ ಮಾಡಿದರು. ಮುಖ ಕೆಂಪಗಾಗಿತ್ತು. ಮೇಡಂ ಆ ಮುಖವನ್ನು ಬಹಳ ಹೊತ್ತು ನೋಡಿದರು. ಕಾದ ಮಾತು ಬಂದಿತ್ತು, ಕಾದ ಮುಖ ಬಂದಿರಲಿಲ್ಲ. ಆದರೂ ಎದುರಿಗಿದ್ದ ಮುಖವೇನೂ ಸುಳ್ಳಾಗಿರಲಿಲ್ಲ. ಅಳಬೇಕೋ ನಗಬೇಕೋ ತಿಳಿಯದೆ ಅವರು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು.

ಮರುದಿನದಿಂದ ರಿಪೇರಿಯವರು ಮಹಾಶಯರ ರಜೆ ಇನ್ನೂ ಮುಗಿದಿಲ್ಲವೆಂದು ದಿನಾ ಬಂದರು. ಆ ರಜೆ ಮುಗಿಯುವ ಮೊದಲೇ ಸಂಸ್ಥೆಯ ಸೂಚನಾ ಫಲಕದಲ್ಲಿ ಈ ಪ್ರಕಟಣೆ ಕಾಣಿಸಿತು:

‘ನಮ್ಮ ಸಂಸ್ಥೆಯ ಎರೆಹುಳ ವಿಭಾಗದ ವಿಜ್ಞಾನಿಯವರ ವಿವಾಹವು ನಿನ್ನೆ ಮಹಾಶಯರೊಂದಿಗೆ, ಮಹಾಶಯರ ಊರಿನಲ್ಲಿ, ಸ್ಥಳೀಯ ಬದಲಿಯ ಮೂಲಕ ಸಂಭ್ರಮದಿಂದ ನೆರವೇರಿತೆಂದು ತಿಳಿಸಲು ಹರ್ಷಿಸುತ್ತೇವೆ. ವಧುವಿನ ಪ್ರಯಾಣ ವೆಚ್ಚ: ಇಲ್ಲ. ವಧುವಿನ ಕಡೆಯವರ ಪ್ರಯಾಣ ವೆಚ್ಚ: ಇಲ್ಲ. ಸಿಬ್ಬಂದಿಯೆಲ್ಲರೂ ಮಧ್ಯಾಹ್ನ ಅಭಿನಂದನೆ ಸಲ್ಲಿಸತಕ್ಕದ್ದು.’

ಮೇಡಂ ಅದನ್ನು ಎರಡು ಸಲ ಓದಿದರು. ಕೂದಲು ಕತ್ತರಿಸುವ ಅಂಗಡಿಯವಳು ಮೊದಲ ಸಂಜೆಯೇ ಮಹಾಶಯರ ಖಂಡನೆಗಳನ್ನೆಲ್ಲ ಕತ್ತರಿಸಿ ಹಾಕಿದ್ದಳಂತೆ. ಮಹಾಶಯರು ಅವಳಲ್ಲಿ ಮೇಡಂ ಅವರನ್ನೇ ಕಂಡರಂತೆ. ಮಧ್ಯಾಹ್ನ ಅಣಬೆ ತಜ್ಞರು ಹೂಗುಚ್ಛ ತಂದರು. ಲೆಕ್ಕಾಧಿಕಾರಿಗಳು ಸೇವಾಪುಸ್ತಕದಲ್ಲಿ ‘ವಿವಾಹಿತೆ’ ಎಂದು ತಿದ್ದಿ ತೋರಿಸಿದರು. ನಿರ್ದೇಶಕರು, ‘ದಾಂಪತ್ಯ ಸುಖವಾಗಿ ನಡೀತಿದೆಯಂತೆ, ಕೇಳಿ ಸಂತೋಷ ಆಯ್ತಮ್ಮ’ ಎಂದರು. ಅಕ್ಕ ಸಂಸ್ಥೆಗೇ ಬಂದು ತಂಗಿಯನ್ನು ತಬ್ಬಿಕೊಂಡು ಅತ್ತಳು: ‘ನೀನು ಅಷ್ಟು ದೂರ ಹೋಗಿಬಿಡ್ತೀಯೇನೋ ಅಂತ ಹೆದರಿದ್ದೆ ಕಣೇ. ಇಲ್ಲೇ ಇದೀಯಲ್ಲ, ಸದ್ಯ!’

‘ನನಗೆ ಮಾತ್ರ ಏನು ಸಿಕ್ತು?’ ಎಂದು ಮೇಡಂ ಪ್ರಯಾಣಾಧಿಕಾರಿಗಳನ್ನು ಕೇಳಿದರು. ತಮ್ಮ ಪಾಲಿನದನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

‘ಒಂದು ಕಡೆ ಮದುವೆ ಆದ್ರೆ ಇನ್ನೊಂದು ಕಡೆಯೂ ಆದ ಹಾಗೆ ಮೇಡಂ. ಮಹಾಶಯರು ಇಲ್ಲಿಗೆ ಬಂದು ನಿಮ್ಮ ಜೊತೆ ಸಂಸಾರ ಮಾಡಬೇಕು ಅಂದ್ರೆ, ಆ ಕೆಲಸ ಮಾಡಬಲ್ಲ ವ್ಯಕ್ತಿ ಇಲ್ಲಿ ಈಗಾಗಲೇ ಇದಾರೆ.’ ಅಧಿಕಾರಿಗಳು ಕಿಟಕಿಯಿಂದ ಕೆಳಗೆ ತೋರಿಸಿದರು. ಸೈಕಲ್ ರಿಪೇರಿಯವರು ಅಂಗಳದಲ್ಲಿ, ಒಗೆದ ಶರಟು ತೊಟ್ಟು, ಬಿಲ್ಲೆ ನೆಟ್ಟಗಿದೆಯೇ ಎಂದು ನೋಡಿಕೊಳ್ಳುತ್ತ ನಿಂತಿದ್ದರು.

ಮೇಡಂ ಕೆಳಗಿಳಿದು ಅವರ ಎದುರು ಹೋಗಿ ನಿಂತರು. ಸಿಬ್ಬಂದಿಯೆಲ್ಲ ಕಿಟಕಿಗಳಲ್ಲಿ ನೆರೆದಿದ್ದರು.

‘ಆ ಬಿಲ್ಲೆ ತೆಗೀರಿ,’ ಎಂದರು ಮೇಡಂ. ‘ನಿಮ್ಮ ಹೆಸರೇನು?’

ರಿಪೇರಿಯವರು ಗಲಿಬಿಲಿಗೊಂಡರು. ‘ಯಾವ ಹೆಸರು ಹೇಳಲಿ ಮೇಡಂ? ಅವರದ್ದಾ?’

‘ನಿಮ್ಮದು. ನಿಮ್ಮಮ್ಮ ನಿಮ್ಮನ್ನ ಏನಂತ ಕರೀತಾರೋ ಅದು.’

‘ಅದನ್ನ ಹೇಳ್ಕೊಟ್ಟಿಲ್ವಲ್ಲ,’ ಎಂದು ಅವರು ತಲೆ ಕೆರೆದುಕೊಂಡರು. ಕಿವಿಯವರೆಗೂ ಕೆಂಪೇರಿತು. ‘ಹೇಳೋಕೆ ನನಗೂ ತುಂಬಾ ಆಸೆ ಇದೆ. ಆದರೆ ಅನುಮತಿ ಬೇಕೇನೋ. ಕೇಳ್ಕೊಂಡು ಬರೋಣ್ವಾ?’

‘ಬನ್ನಿ,’ ಎಂದರು ಮೇಡಂ, ಅವರ ಕೈ ಹಿಡಿದುಕೊಂಡು.

ಇಬ್ಬರೂ ಮೂರನೆಯ ಮಹಡಿಗೆ ಹತ್ತಿದರು. ಪ್ರಯಾಣಾಧಿಕಾರಿಗಳು ಎದ್ದು ಬಂದು ಬಾಗಿಲಲ್ಲೇ ಸ್ವಾಗತಿಸಿದರು, ಕೂರಿಸಿದರು, ನೀರು ಕೊಟ್ಟರು. ವಿಷಯವನ್ನೆಲ್ಲ ಸಹಾನುಭೂತಿಯಿಂದ ಕೇಳಿಸಿಕೊಂಡು, ಅರ್ಜಿಯನ್ನು ಸ್ವೀಕರಿಸಿ, ಹೆಸರು ಹೇಳುವ ಕೆಲಸವನ್ನು ಮಾಡಬಲ್ಲವರು ಈ ಕೋಣೆಯಲ್ಲಿ ಈಗಾಗಲೇ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸತೊಡಗಿದರು. ಮೇಡಂ ಮೆತ್ತನೆಯ ಕುರ್ಚಿಗೆ ಒರಗಿ, ಹಿಡಿದ ಕೈ ಬಿಡದೆ, ತಮ್ಮ ಸರದಿಗೆ ಕಾದರು.